ವಲ್ಹಾಲಾ ವಿಂಟೇಜ್‌ವರ್ಬ್: 50 ಡಾಲರ್ ಕೊಟ್ಟು ಎಂಟು ತಿಂಗಳಾದ್ಮೇಲೆ

ಇದೊಂದು ರಿವರ್ಬ್ ಪ್ಲಗಿನ್, ಅಂದ್ರೆ ಹಾಡು ಮಿಕ್ಸ್ ಮಾಡೋ ಸಾಫ್ಟ್‌ವೇರ್ ಒಳಗೆ ಕೂತು, ರೆಕಾರ್ಡ್ ಮಾಡಿದ ದನಿಗೆ ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಗುಂಗು ಸೇರಿಸೋ ಪುಟ್ಟ ಸಾಫ್ಟ್‌ವೇರ್. ಮೊದಲ ಎರಡು ತಿಂಗಳು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅಂತಾನೇ ಅಂದ್ಕೊಂಡಿದ್ದೆ, ಯಾಕಂದ್ರೆ ಯಾವ ಪ್ರೀಸೆಟ್ (ರೆಡಿ ಸೆಟ್ಟಿಂಗ್) ಹಾಕಿದ್ರೂ ನಮ್ಮಕ್ಕ ಹಾಡಿದ ಭಾವಗೀತೆ ಬಾವಿಯೊಳಗಿಂದ ಬಂದಂಗೆ ಕೇಳ್ತಿತ್ತು. ತಪ್ಪು ಪ್ಲಗಿನ್ನದಲ್ಲ, ನಂದೇ. ಸೆಂಡ್‌ನಲ್ಲಿ (ದನಿಯ ಒಂದು ನಕಲನ್ನ ಬೇರೆ ಟ್ರ್ಯಾಕಿಗೆ ಕಳಿಸೋ ದಾರಿ) ಹಾಕಿ, ರಿವರ್ಬ್ ಪಾಲು ಎಷ್ಟು ಅಂತ ಹೇಳೋ ಮಿಕ್ಸ್ ನಾಬ್ 30ರಲ್ಲೇ ಬಿಟ್ಟಿದ್ದೆ, ಸೆಂಡ್ ಏರಿಸಿದಷ್ಟೂ ರಿವರ್ಬ್ ಜೊತೆ ಡ್ರೈ ವಾಯ್ಸೂ (ರಿವರ್ಬ್ ಇಲ್ಲದ ದನಿ) ಜೋರಾಗ್ತಿತ್ತು. ಸೆಂಡ್ ಆದ್ರೆ ಮಿಕ್ಸ್ 100 ಇಡ್ಬೇಕು. ಮಿಕ್ಸ್ ಲಾಕ್ ಮಾಡ್ಬಹುದು, ಪ್ರೀಸೆಟ್ ಬದಲಾಯಿಸಿದ್ರೂ ಅಲ್ಲಾಡಲ್ಲ.

ಆಮೇಲೆ ಡಿಕೇ. ಗೋಳಗುಮ್ಮಟದಲ್ಲಿ ಚಪ್ಪಾಳೆ ಹೊಡೆದ್ರೆ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳ್ಸತ್ತೆ, ಅದು ಎಕೋ. ಖಾಲಿ ಕಲ್ಯಾಣಮಂಟಪದಲ್ಲಿ ಹೊಡೆದ್ರೆ ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಒಂದೇ ಬಾಲ ಆಗತ್ತಲ್ಲ, ಅದು ರಿವರ್ಬ್. ಆ ಬಾಲ ಎಷ್ಟು ಉದ್ದ ಅನ್ನೋದೇ ಡಿಕೇ, ಲೆಕ್ಕ ಹಿಡಿಯೋದು ಸದ್ದು 60 ಡೆಸಿಬಲ್ ಇಳಿಯೋ ತನಕ. ನಮ್ಮ ಹಾಡು 80 ಬಿಪಿಎಂ (ನಿಮಿಷಕ್ಕೆ 80 ಬೀಟ್), ಅಂದ್ರೆ ಒಂದು ಬೀಟ್ 750 ಮಿಲಿಸೆಕೆಂಡು, ಹಂಗಾಗಿ ಡಿಕೇ 1.5 ಸೆಕೆಂಡ್ ಇಟ್ಟೆ, ಸಾಲು ಮುಗಿದು ಎರಡು ಬೀಟಿಗೆ ಕರಗಿಹೋಗತ್ತೆ.

ಆದ್ರೆ ನಿಜವಾಗಿ ಹಾಡು ಉಳಿಸಿದ್ದು ಪ್ರೀಡಿಲೇ, ಅಂದ್ರೆ ದನಿ ಬಂದು ಎಷ್ಟು ಹೊತ್ತಿಗೆ ರಿವರ್ಬ್ ಶುರುವಾಗ್ಬೇಕು ಅನ್ನೋದು. ಸೊನ್ನೆ ಇದ್ದಾಗ ಒತ್ತಕ್ಷರ ಎಲ್ಲಾ ಕಲಸಿಹೋಗ್ತಿತ್ತು, 35 ಮಿಲಿಸೆಕೆಂಡ್ ಕೊಟ್ಟ ತಕ್ಷಣ ಅಕ್ಷರ ಮುಂದೆ, ಹಾಲ್ ಹಿಂದೆ. ಇನ್ನು ಸ, ಷ ಬಂದಾಗೆಲ್ಲ ಬಾಲದಲ್ಲಿ ಬುಸ್ ಅಂತಿತ್ತು, ಮೇಲಿನ ಚೂಪು ಸದ್ದು ಕತ್ತರಿಸೋ ಹೈಕಟ್ 6000 ಹರ್ಟ್ಸ್‌ಗೆ ಇಳಿಸಿದೆ, ಹೋಯ್ತು. ಮೃದಂಗದ ತೊಪ್ಪಿ (ಎಡಗಡೆ ಮುಖ) ಗುಂಯ್‌ಗುಡೋದು ತಗ್ಗಲಿ ಅಂತ ಬೇಸ್‌ಮಲ್ಟ್ ನಾಬ್ 0.6ಕ್ಕಿಟ್ಟೆ. ಇದು ತಗ್ಗು ಸ್ವರಗಳ ಡಿಕೇನ ಮಾತ್ರ ಕಮ್ಮಿ ಮಾಡತ್ತೆ, ಈಕ್ಯೂಲಿ (ಈಕ್ವಲೈಸರ್) ಬೇಸ್ ಕತ್ತರಿಸಿದ್ರೆ ಈ ಮಜಾ ಬರಲ್ಲ.

ಕಲರ್ ಅಂತ, ಅಂದ್ರೆ ಸದ್ದಿನ ಬಣ್ಣ, ಮೂರಿದೆ: 1970ಸ್, 1980ಸ್, ನೌ. ಎಪ್ಪತ್ತರದ್ದು ಬೇಕಂತಲೇ ಮಂಕು, 10 ಕಿಲೋಹರ್ಟ್ಸ್ ಮೇಲೆ ಏನೂ ಬರಲ್ಲ, ಭಾವಗೀತೆಗೆ ಇದೇ ಸರಿ ಅನ್ನಿಸ್ತು. ಮೋಡ್‌ಗಳು (ರಿವರ್ಬ್ ಬಗೆಗಳು) ಇಪ್ಪತ್ತರ ಹತ್ರ ಇವೆ, ನಾನು ಪ್ಲೇಟ್, ಕಾನ್ಸರ್ಟ್ ಹಾಲ್ ಬಿಟ್ಟು ಬೇರೆ ಮುಟ್ಟೋದೇ ಅಪರೂಪ. ಕೊಳಲಿಗೆ ಕಾನ್ಸರ್ಟ್ ಹಾಲ್ ಹಾಕಿ ಮಾಡ್ಯುಲೇಷನ್ ಡೆಪ್ತ್ (ಬಾಲ ಎಷ್ಟು ಅಲುಗಾಡ್ಬೇಕು ಅನ್ನೋದು) ಜಾಸ್ತಿ ಮಾಡ್ಬೇಡಿ, ಶ್ರುತಿ ತೂಗಾಡಿದಂಗಾಗತ್ತೆ.

ಬೇಜಾರು ಒಂದೇ, ಗ್ರಾಫ್ ಇಲ್ಲ, ಬರೀ ನಾಬು, ಕಿವೀಲೇ ಹುಡುಕ್ಬೇಕು. ಈಗ ಮಿಕ್ಸ್ ಕೇಳಿಸಿದ್ರೆ ಅಕ್ಕ "ರಿವರ್ಬ್ ಹಾಕಿದ್ಯೇನೋ, ಇಲ್ವೇನೋ?" ಅಂತಾಳೆ, ಬೈಪಾಸ್ ಮಾಡಿ (ರಿವರ್ಬ್ ತೆಗೆದು) ತೋರಿಸಿದ್ರೆ "ಅಯ್ಯೋ ವಾಪಸ್ ಹಾಕು" ಅಂತಾಳೆ.

ಇದೇ ಕಂಪನಿಯ ಸೂಪರ್‌ಮ್ಯಾಸಿವ್ ಫ್ರೀ ಇದೆ, ಆದ್ರೆ ಅದು ಆಕಾಶದಷ್ಟಗಲ ಆಂಬಿಯೆಂಟ್ ಸದ್ದಿಗೆ, ಗಾಯನಕ್ಕಲ್ಲ. ವಿಂಟೇಜ್‌ವರ್ಬ್‌ದು ಡೆಮೋ ಸಿಗತ್ತೆ, ನಿಮ್ಮದೇ ಹಾಡು ಹಾಕಿ ನೋಡಿ ಆಮೇಲೆ ಕಾರ್ಡ್ ತೆಗೀರಿ.