ಮೂರು ದಿನ, ಮೂರು ಕಡೆ: ಚಿಕ್ಕ ಮಕ್ಕಳಿಗೆ ಬೆಂಗಳೂರಿನಲ್ಲಿ ಯಾವುದು ಸರಿ?

ಬೇಸಿಗೆ ರಜೆಗೆ ಶಿವಮೊಗ್ಗದಿಂದ ಅಕ್ಕನ ಮಗ ಬಂದಿದ್ದ. ಅವನಿಗೆ ಎಂಟು ವರ್ಷ, ನನ್ನ ಮಗಳಿಗೆ ನಾಲ್ಕು. ಅವನಿಗೆ ಎಲ್ಲದಕ್ಕೂ 'ಯಾಕೆ' ಬೇಕು, ಇವಳಿಗೆ ಎಲ್ಲವನ್ನೂ ಮುಟ್ಟಿ ನೋಡಬೇಕು. ಇಬ್ಬರನ್ನೂ ಕರೆದುಕೊಂಡು ಒಂದೇ ವಾರದಲ್ಲಿ ಮೂರು ಕಡೆ ಹೋಗಿಬಂದೆವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಹೈಗ್ರೌಂಡ್ಸ್‌ನ ನೆಹರು ತಾರಾಲಯ, ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ. ಅಲ್ಲಿಂದೀಚೆಗೆ "ಯಾವುದಕ್ಕೆ ಹೋಗೋಣ?" ಅಂತ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ. ಐದು ವರ್ಷದೊಳಗಿನ ಮಗು ಜೊತೆಗಿದ್ದರೆ ಮೊದಲು ವಿಶ್ವೇಶ್ವರಯ್ಯ ಮ್ಯೂಸಿಯಂ.

ಕಾರಣ ಇಷ್ಟೇ, ಅಲ್ಲಿ ಮುಟ್ಟಬಹುದು. 1962ರಲ್ಲಿ ನೆಹರು ಉದ್ಘಾಟಿಸಿದ ಕಟ್ಟಡ ಅದು. ಒಳಗೆ ಗುಂಡಿ ಒತ್ತುವುದು, ಹ್ಯಾಂಡಲ್ ತಿರುಗಿಸುವುದು, ಹಗ್ಗ ಎಳೆಯುವುದು ಎಲ್ಲ ಮಕ್ಕಳ ಕೈಯಲ್ಲೇ ಇದೆ. ಗರ್ಜಿಸುವ ಡೈನೋಸಾರ್ ಎದುರು ಮಗಳು ನನ್ನ ಸೀರೆ ಸೆರಗಿನೊಳಗೆ ಮುಖ ಹುದುಗಿಸಿದಳು. ಐದು ನಿಮಿಷ ಬಿಟ್ಟು "ಇನ್ನೊಂದ್ಸಲ ನೋಡೋಣ ಅಮ್ಮ" ಅಂತ ತಾನೇ ಎಳೆದುಕೊಂಡು ಹೋದಳು.

ನನಗೆ ಮನಸ್ಸಿನಲ್ಲಿ ಉಳಿದಿದ್ದು ಹಲ್ಲಿನ ಚಕ್ರಗಳ ಮುಂದೆ ಕಳೆದ ಸಮಯ. ಮಗಳು ಚಿಕ್ಕ ಚಕ್ರವನ್ನು ಜೋರಾಗಿ ತಿರುಗಿಸುತ್ತಿದ್ದಳು. ಅದಕ್ಕೆ ಕಚ್ಚಿಕೊಂಡಿದ್ದ ದೊಡ್ಡ ಚಕ್ರ ಮಾತ್ರ ನಿಧಾನಕ್ಕೆ ತಿರುಗುತ್ತಿತ್ತು. ಅಕ್ಕನ ಮಗ ಸುಮ್ಮನೆ ನಿಂತು ನೋಡಿದ. ಆಮೇಲೆ ಅವಳ ಕೈ ಸರಿಸಿ ದೊಡ್ಡದನ್ನು ತಿರುಗಿಸಿದ. ಚಿಕ್ಕದು ಗಿರಗಿರ ಅಂತ ಸುತ್ತಿತು. "ಚಿಕ್ಕಮ್ಮ, ನನ್ನ ಸೈಕಲ್ಲೂ ಹೀಗೇ ಅಲ್ವಾ? ಪೆಡಲ್ ಹತ್ರ ದೊಡ್ಡದು, ಹಿಂದೆ ಚಿಕ್ಕದು!" ಹೌದು, ಅಲ್ಲಿ ನಡುವೆ ಚೈನ್ ಇರುತ್ತದೆ ಅಷ್ಟೇ ಅಂದೆ. ಪಕ್ಕದ ಬೋರ್ಡನ್ನು ನಾನು ಓದಿ ಹೇಳಿದ್ದರೆ ಇದು ಅವನಿಗೆ ಹೊಳೆಯುತ್ತಿರಲಿಲ್ಲ. ಇದು ಎಲ್ಲ ಅಪ್ಪ ಅಮ್ಮಂದಿರಿಗೂ ನನ್ನ ಕಳಕಳಿಯ ಕೋರಿಕೆ. ಅವಸರ ಮಾಡಿ ಉತ್ತರ ಹೇಳಬೇಡಿ, ಹಿಂದೆ ನಿಂತು ಕಾಯಿರಿ.

ಅಲ್ಲೇ ಮರ, ಬಟ್ಟೆಯಿಂದ ಮಾಡಿದ್ದ ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಮಾದರಿಯೂ ಇದೆ. 1903ರ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ 12 ಸೆಕೆಂಡ್, ದೂರ 120 ಅಡಿ. "ಹನ್ನೆರಡರ ತನಕ ಎಣಿಸು ನೋಡೋಣ" ಅಂದೆ. ಇಬ್ಬರೂ ಜೋರಾಗಿ ಎಣಿಸಿದರು. ಹನ್ನೆರಡಕ್ಕೆ ನಿಲ್ಲಿಸಿ ಅಕ್ಕನ ಮಗ "ಅಷ್ಟೇನಾ?" ಅಂದ. ಅಷ್ಟೇ ಪುಟ್ಟ, ಅಲ್ಲಿಂದ ಶುರು.

ತಾರಾಲಯದ ಕಥೆ ಬೇರೆ. 1989ರಿಂದ ಇದೆ, ಗುಮ್ಮಟದ ಅಗಲ 15 ಮೀಟರ್. ಕನ್ನಡ ಪ್ರದರ್ಶನ ಬೇರೆ ಹೊತ್ತಿಗೆ, ಇಂಗ್ಲಿಷ್ ಬೇರೆ ಹೊತ್ತಿಗೆ ಇರುತ್ತದೆ. ಮಕ್ಕಳ ಜೊತೆ ಹೋಗುವವರು ಕನ್ನಡದ್ದನ್ನೇ ನೋಡಿ. ದೀಪ ಆರಿದ ಕೂಡಲೇ ಮಗಳು ಅಳಲು ಶುರು ಮಾಡಿದಳು. ಪಾಪ, ಅಷ್ಟು ದೊಡ್ಡ ಕತ್ತಲೆಯನ್ನು ಅವಳು ನೋಡಿಯೇ ಇರಲಿಲ್ಲ. ನಾನು ಎತ್ತಿಕೊಂಡು ಹೊರಗೆ ಬಂದೆ. ಹೊರಗಿನ ವಿಜ್ಞಾನ ಪಾರ್ಕಿನಲ್ಲಿ ಅವಳು ಆರಾಮಾಗಿ ಆಡಿಕೊಂಡಳು. ಒಳಗೆ ನಮ್ಮ ಮನೆಯವರ ಜೊತೆ ಕೂತಿದ್ದ ಹುಡುಗ ಮಾತ್ರ ಬೇರೆಯೇ ಮುಖ ಹೊತ್ತು ಬಂದ. ಅವತ್ತು ರಾತ್ರಿ ಊಟ ಬಿಟ್ಟು ತಾರಸಿಗೆ ಓಡಿದ. ಉತ್ತರಕ್ಕೆ ಸಪ್ತರ್ಷಿ ಮಂಡಲ ಹುಡುಕಿದೆವು. ಆರು ಸಿಕ್ಕವು, ಏಳನೆಯದು ಬೀದಿದೀಪದ ಬೆಳಕಿನಲ್ಲಿ ಕಾಣಲೇ ಇಲ್ಲ. "ಅಜ್ಜಿ ಮನೇಲಿ ಕಾಣುತ್ತೆ" ಅಂತ ತಾನೇ ಸಮಾಧಾನ ಮಾಡಿಕೊಂಡ. ಹಾಗಾಗಿ ಏಳೆಂಟು ವರ್ಷ ದಾಟಿದ ಮಗುವಿಗೆ ಮೂರರಲ್ಲಿ ತಾರಾಲಯವೇ ಮೇಲು ಅಂತ ನನಗೆ ಅನಿಸುತ್ತದೆ. ಚಿಕ್ಕವರಿದ್ದರೆ ಇನ್ನೂ ಎರಡು ಮೂರು ವರ್ಷ ಕಾಯುವುದು ಒಳ್ಳೇದು. ಸೋಮವಾರ ರಜೆ, ನೆನಪಿರಲಿ.

ಎಚ್‌ಎಎಲ್ ಮ್ಯೂಸಿಯಂಗೆ ಅಪ್ಪನೂ ಬಂದಿದ್ದರು. 2001ರಲ್ಲಿ ಶುರುವಾದ ಜಾಗ, ನಿಜವಾದ ವಿಮಾನಗಳು ಬಯಲಲ್ಲೇ ನಿಂತಿವೆ. ಮಾರುತ್ ಮುಂದೆ ಅಪ್ಪ ತುಂಬಾ ಹೊತ್ತು ನಿಂತರು. ನಮ್ಮ ಬೆಂಗಳೂರಿನಲ್ಲೇ ತಯಾರಾಗಿ 1961ರಲ್ಲಿ ಮೊದಲ ಸಲ ಹಾರಿದ ಜೆಟ್ ಫೈಟರ್ ಅದು. ಅಕ್ಕನ ಮಗ ಬೆರಳು ಮಡಚಿ ಲೆಕ್ಕ ಹಾಕಿದ. "ತಾತ, ಆ ಮರ ಬಟ್ಟೆ ವಿಮಾನದಿಂದ ಇದಕ್ಕೆ ಬರೋಕೆ ಬರೀ ಐವತ್ತೆಂಟು ವರ್ಷನಾ?" ಅಪ್ಪ ಅವನ ತಲೆ ಸವರಿದರು. ವಿಶ್ವೇಶ್ವರಯ್ಯ ಮ್ಯೂಸಿಯಂ ಮೊದಲು ನೋಡಿದ್ದರಿಂದಲೇ ಈ ಪ್ರಶ್ನೆ ಬಂತು. ಅದಕ್ಕೇ ಇವೆರಡನ್ನು ಇದೇ ಕ್ರಮದಲ್ಲಿ ನೋಡಿ ಅನ್ನುತ್ತೇನೆ. ಇಲ್ಲಿ ಓಡಾಡಲು ಜಾಗ ಜಾಸ್ತಿ, ಅಜ್ಜ ಅಜ್ಜಿಯರಿಗೂ ಹಿತ. ಆದರೆ ಮೇ ತಿಂಗಳ ಬಿಸಿಲು ಸುಮ್ಮನೆ ಅಲ್ಲ. ಬೆಳಿಗ್ಗೆಯೇ ಹೋಗಿ, ಟೋಪಿ, ನೀರು ಮರೆಯಬೇಡಿ. ಮಗಳು ವಿಮಾನಗಳನ್ನು ಅರ್ಧ ಗಂಟೆ ನೋಡಿ ಆಮೇಲೆ ಹುಲ್ಲಲ್ಲಿ ಉರುಳಾಡಿದಳು. ನಾಲ್ಕು ವರ್ಷಕ್ಕೆ ಅಷ್ಟು ಸಾಕು.

ವಿಶ್ವೇಶ್ವರಯ್ಯ ಮ್ಯೂಸಿಯಂ ಬಗ್ಗೆ ಇನ್ನೊಂದು ಮಾತು. ರಜೆ ದಿನ ಜನ ಜಾಸ್ತಿ. ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಒಂದು ಗಂಟೆ ಮಕ್ಕಳಿಗೆ ಎಲ್ಲವೂ ಪುರುಸೊತ್ತಾಗಿ ಸಿಗುತ್ತದೆ. ಎಲ್ಲ ಮಹಡಿಗಳನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ. ನಾವು ಎರಡು ಗಂಟೆ ನೋಡಿ, ಪಕ್ಕದ ಕಬ್ಬನ್ ಪಾರ್ಕಿನಲ್ಲಿ ಮಕ್ಕಳನ್ನು ಓಡಲು ಬಿಟ್ಟು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆವು. ಇನ್ನೂ ಎಷ್ಟೋ ಉಳಿದಿದೆ. ದಸರಾ ರಜೆಗೆ ಬಂದಾಗ ಮೇಲಿನ ಮಹಡಿಗಳಿಂದ ಶುರು ಮಾಡಬೇಕು ಅಂತ ಅಕ್ಕನ ಮಗ ಈಗಲೇ ಹೇಳಿಟ್ಟು ಹೋಗಿದ್ದಾನೆ.