ಆನೆ ತಲೆ, ಸಿಂಹದ ಮೈ: ಮೂರು ಸಾಫ್ಟ್‌ವೇರ್‌ಗಳಲ್ಲಿ ಒಂದೇ ಯಾಳಿ

ನಮ್ಮ ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಎರಡೂ ಪಕ್ಕ ನಿಂತಿರುವ ಪ್ರಾಣಿ ನೋಡಿದ್ದೀರಲ್ಲ? ಮೈ ಸಿಂಹದ್ದು, ಮೂತಿಗೆ ಸೊಂಡಿಲು. ಅದೇ ಯಾಳಿ. ಅಕ್ಕನ ಮಗಳು ಪಠ್ಯಪುಸ್ತಕದಲ್ಲಿ ಅದನ್ನು ತೋರಿಸಿ, "ಮಾಮ, ಇದು ನಿಜವಾಗ್ಲೂ ಇದ್ದಿದ್ರೆ ಹೇಗಿರ್ತಿತ್ತು?" ಅಂದಳು. ಫೋಟೋ ಜೋಡಿಸಿ ಮಾಡಿ ತೋರಿಸ್ತೀನಿ ಅಂದುಬಿಟ್ಟೆ. ಮೂರು ವಾರದ ಭಾನುವಾರಗಳು ಅದಕ್ಕೇ ಹೋದವು.

ಹಂಪಿಯ ವಿಠ್ಠಲ ದೇವಸ್ಥಾನದ ಕಂಬಗಳಲ್ಲಿ ಯಾಳಿಗಳು ಎದ್ದು ನಿಂತಿವೆ. ಎಲ್ಲಿ ಒಂದು ಪ್ರಾಣಿ ಮುಗಿದು ಇನ್ನೊಂದು ಶುರುವಾಯ್ತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ ಶಿಲ್ಪಿಗೆ ಇದ್ದದ್ದು ಒಂದೇ ಕಲ್ಲು, ಒಂದೇ ಬಣ್ಣ. ನನ್ನ ಹತ್ತಿರ ಇದ್ದದ್ದು ದುಬಾರೆಯಲ್ಲಿ ಬೆಳಗ್ಗೆ ತೆಗೆದ ಆನೆ, ಮೈಸೂರು ಝೂನಲ್ಲಿ ಸಂಜೆ ತೆಗೆದ ಸಿಂಹ. ಒಂದು ಬೂದು ಬಣ್ಣದ ಸುಕ್ಕು ಚರ್ಮ, ಇನ್ನೊಂದು ಹೊಂಬಣ್ಣದ ಕೂದಲು.

ಒಂದು ಅದೃಷ್ಟ ಇತ್ತು. ಆನೆ ಎಡಕ್ಕೆ ಮುಖ ಮಾಡಿತ್ತು, ಬೆಳಕೂ ಎಡದಿಂದ. ಸಿಂಹ ಬಲಕ್ಕೆ, ಬೆಳಕೂ ಬಲದಿಂದ. ಸಿಂಹವನ್ನು ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿದೆ, ಎರಡೂ ಹೊಂದಿಕೊಂಡವು. ಬೆಳಕು ಹೊಂದದ ಫೋಟೋ ಜೋಡಿಯನ್ನು ಆರಿಸಿದರೆ ಯಾವ ಸಾಫ್ಟ್‌ವೇರೂ ಕಾಪಾಡುವುದಿಲ್ಲ, ಸುಮ್ನೆ ರಾತ್ರಿ ನಿದ್ದೆ ಹಾಳು.

ಮೊದಲು ಫೋಟೋಶಾಪ್, ಏಳು ದಿನದ ಉಚಿತ ಟ್ರಯಲ್‌ನಲ್ಲಿ. ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ ಲೇಯರ್‌ಗಳು: ಕೆಳಗೆ ಸಿಂಹದ ಮೈ, ಅದರ ಮೇಲೆ ಆನೆ ತಲೆ. ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಲೇಯರ್ ಮಾಸ್ಕ್ ಹಾಕಿ ಕುತ್ತಿಗೆಯ ಅಂಚನ್ನು ಮೆತ್ತಗಿನ ಬ್ರಷ್‌ನಲ್ಲಿ ಕರಗಿಸಿದೆ. ಆನೆಗೆ ಶಾಲು ಹೊದಿಸಿದ ಹಾಗೆ ಕಂಡಿತು! ಆಮೇಲೆ ಹೊಳೆಯಿತು: ಕೇಸರ, ಅಂದರೆ ಸಿಂಹದ ಕತ್ತಿನ ಕೂದಲು, ತಲೆಯ ಕೆಳಗಿರಬಾರದು, ತಲೆಯ ಮೇಲೆ ಬೀಳಬೇಕು. ಸಿಂಹದ ಕೇಸರವನ್ನಷ್ಟೇ ಕತ್ತರಿಸಿ ಮೂರನೇ ಲೇಯರ್ ಮಾಡಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಅದರಡಿ ಇನ್ನೊಂದು ಲೇಯರ್ ಮಾಡಿ, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ ಕಡು ಕಂದು ನೆರಳು ಬಳಿದೆ. ಆಗ ಪ್ರಾಣಿ ಉಸಿರಾಡತೊಡಗಿತು.

ಪಂದ್ಯ ಗೆಲ್ಲುವುದು ಸೋಲುವುದು ಈ ಕೂದಲಲ್ಲೇ. ಫೋಟೋಶಾಪ್‌ನ ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನಲ್ಲಿ ರಿಫೈನ್ ಎಡ್ಜ್ ಬ್ರಷ್ ಹಿಡಿದು ಅಂಚಿನ ಮೇಲೆ ಎಳೆದರೆ ಎಳೆಎಳೆಯಾಗಿ ಕೂದಲು ಬಿಡಿಸಿಕೊಡುತ್ತದೆ. ಹಿಂದಿನ ಹುಲ್ಲಿನ ಹಸಿರು ಕೂದಲ ತುದಿಗೆ ಅಂಟಿಕೊಂಡಿರುತ್ತದಲ್ವಾ, ಅದನ್ನು ತೆಗೆಯಲೂ ಅಲ್ಲೇ ಒಂದು ಟಿಕ್ ಇದೆ. ಹತ್ತು ನಿಮಿಷದ ಕೆಲಸ. ಸೊಂಡಿಲು ಬಾಗಿಸಲು ಪಪೆಟ್ ವಾರ್ಪ್: ನಾಲ್ಕು ಪಿನ್ ಚುಚ್ಚಿ ತುದಿ ಎಳೆದೆ, ಅಷ್ಟೇ.

ಎರಡನೇ ವಾರ ಗಿಂಪ್. ಪೂರ್ತಿ ಉಚಿತ. 2025ರಲ್ಲಿ ಬಂದ 3.0 ಆವೃತ್ತಿಯಿಂದ ಕರ್ವ್ಸ್ (ಬೆಳಕು ನೆರಳು ತಿದ್ದುವುದು), ಬ್ಲರ್ (ಮಸುಕು ಮಾಡುವುದು) ಹಾಕಿದ ಮೇಲೂ ಬೇಕಾದಾಗ ತಿದ್ದಬಹುದು. ಹಳೇ ಗಿಂಪ್ ನೋಡಿ ಬೇಸತ್ತವರು ಮತ್ತೆ ನೋಡಲು ಇದೇ ಕಾರಣ ಸಾಕು. ಆದರೆ ಕೂದಲು? ಫೋರ್‌ಗ್ರೌಂಡ್ ಸೆಲೆಕ್ಟ್‌ನಲ್ಲಿ ಸುತ್ತ ಗೆರೆ ಎಳೆದು, ಒಳಗೆ ಗೀಚಿ, ಪ್ರಿವ್ಯೂಗೆ ಕಾದು, ಮತ್ತೆ ಗೀಚಿ... ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಸಲ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಹಸಿರು ಅಂಚನ್ನು ಕೈಯಾರೆ ತೆಗೆದೆ. ಖಾಲಿ ಜಾಗಕ್ಕೆ ಬಣ್ಣ ಹೋಗದಂತೆ ಲೇಯರ್‌ನ ಆಲ್ಫಾ ಲಾಕ್ ಮಾಡಿ, ಕೇಸರದಿಂದಲೇ ಬಣ್ಣ ಹೆಕ್ಕಿ, ಅಂಚಿಗೆ ಬಳಿಯುತ್ತಾ ಹೋದೆ. ಆಮೇಲೆ ಎರಡು ಪಿಕ್ಸೆಲ್ ಬ್ರಷ್‌ನಲ್ಲಿ ಒಂದೊಂದೇ ಕೂದಲು ಬರೆದೆ, ಬೇರಿನಿಂದ ತುದಿಗೆ, ಕೂದಲು ಬೆಳೆಯುವ ದಿಕ್ಕಿನಲ್ಲೇ. ಎರಡೂವರೆ ಗಂಟೆ. ತಮಾಷೆ ಅಂದರೆ, ಮೂರರಲ್ಲಿ ಕೇಸರ ಚೆನ್ನಾಗಿ ಕೂತದ್ದು ಇದರಲ್ಲೇ. ಫೋಟೋಶಾಪ್ ಬಿಡಿಸಿಕೊಟ್ಟ ಕೂದಲು ಸಿಂಹದ ಕತ್ತಿಗೆ ಸರಿಯಾಗಿತ್ತು, ಆನೆಯ ಹಣೆಗೆ ಅಲ್ಲ. ನಾನು ಬರೆದದ್ದು ಹಣೆಯ ಉಬ್ಬನ್ನು ಅನುಸರಿಸಿ ಇಳಿಯಿತು.

ಮೂರನೇ ವಾರ ಫೋಟೋಪಿಯಾ. ಇದು ಬ್ರೌಸರ್‌ನಲ್ಲೇ ಓಡುತ್ತದೆ, ಇನ್‌ಸ್ಟಾಲ್ ಏನೂ ಬೇಡ. ಫೋಟೋಗಳು ನಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಮೆನು, ಶಾರ್ಟ್‌ಕಟ್ ಎಲ್ಲ ಹೆಚ್ಚೂಕಡಿಮೆ ಫೋಟೋಶಾಪ್ ಥರವೇ, ಅದರ ಪಿಎಸ್‌ಡಿ ಫೈಲೂ ತೆರೆಯುತ್ತದೆ. ಪಕ್ಕದಲ್ಲಿ ಜಾಹೀರಾತು ಇರುತ್ತದೆ, ಎರಡು ದಿನದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಲೇಯರ್ ಜಾಸ್ತಿ ಆದಾಗ ಲ್ಯಾಪ್‌ಟಾಪ್ ತೇಕತೊಡಗಿತು. ಒಮ್ಮೆ ಸೇವ್ ಮಾಡದೆ ಟ್ಯಾಬ್ ಮುಚ್ಚಿ ಒಂದು ಗಂಟೆ ಕೆಲಸ ಕಳೆದುಕೊಂಡೆ. ಅದು ನನ್ನದೇ ತಪ್ಪು.

ಎಐ ಚಿತ್ರ ಮಾಡುವ ಒಂದು ಆ್ಯಪ್‌ಗೂ ಎರಡೂ ಫೋಟೋ ಕೊಟ್ಟು ನೋಡಿದೆ. ಅರ್ಧ ನಿಮಿಷದಲ್ಲಿ ಭರ್ಜರಿ ಯಾಳಿ ಬಂತು. ಆದರೆ ಅದು ನನ್ನ ಆನೆ ಅಲ್ಲ. ದುಬಾರೆ ಆನೆಯ ಸೊಂಡಿಲ ಮೇಲಿನ ಗುಲಾಬಿ ಚುಕ್ಕೆಗಳು ಮಾಯವಾಗಿದ್ದವು.

ಯಾವುದರಲ್ಲಿ ಮಾಡಿದರೂ ಎರಡು ಕೆಲಸ ತಪ್ಪಿದ್ದಲ್ಲ. ಒಂದು, ಎಲ್ಲದರ ಮೇಲೆ ಕಪ್ಪು ಬಿಳುಪು ಲೇಯರ್ ಹಾಕಿ ನೋಡುವುದು. ಬಣ್ಣ ಹೋದ ತಕ್ಷಣ ಹಂಪಿಯ ಕಲ್ಲಿನ ಹಾಗೆ ಎರಡೂ ಒಂದಾಗಬೇಕು. ನನ್ನದರಲ್ಲಿ ಆನೆಯ ಗದ್ದದ ನೆರಳು ಸಿಂಹದ ನೆರಳಿಗಿಂತ ತುಂಬಾ ಕಪ್ಪಾಗಿತ್ತು, ಕರ್ವ್ಸ್‌ನಲ್ಲಿ ಎತ್ತಿದೆ. ಇನ್ನೊಂದು ನಾಯ್ಸ್, ಅಂದರೆ ಫೋಟೋದ ತರಿ. ಸಿಂಹವನ್ನು ಮೊಬೈಲ್ ಜೂಮ್‌ನಲ್ಲಿ ತೆಗೆದಿದ್ದೆ, ತರಿತರಿಯಾಗಿತ್ತು. ನುಣುಪಾಗಿ ಬಂದಿದ್ದ ಆನೆಯ ಫೋಟೋಗೆ ಚೂರು ಬ್ಲರ್, ಮೇಲೆ ಚೂರು ನಾಯ್ಸ್ ಹಾಕಿದ ಮೇಲೇ ಎರಡೂ ಒಂದೇ ಕ್ಯಾಮೆರಾದಲ್ಲಿ ಬಂದಂತೆ ಕಂಡವು.

ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಫೋಟೋಪಿಯಾ. ಇದರಿಂದಲೇ ಹೊಟ್ಟೆ ಹೊರೆಯುವವರಿಗೆ ಫೋಟೋಶಾಪ್, ತಿಂಗಳ ಬಾಡಿಗೆ, ಉಳಿತಾಯವಾಗುವ ಸಮಯದಲ್ಲೇ ವಸೂಲಾಗುತ್ತದೆ. ಗಿಂಪ್ ತಾಳ್ಮೆ ಇರುವವರಿಗೆ.

ಅಕ್ಕನ ಮಗಳಿಗೆ ಕಳಿಸಿದ್ದು ಫೋಟೋಶಾಪ್‌ನದ್ದು, ಅದರಲ್ಲಿ ಸೊಂಡಿಲು ಚೆಂದ ಬಾಗಿತ್ತು. ಎರಡು ನಿಮಿಷ ನೋಡಿ ಕೇಳಿದಳು: "ಮಾಮ, ಆನೆ ಕಿವಿ ಎಲ್ಲಿ?"

ಕೇಸರದ ಕೆಳಗೆ ಮುಚ್ಚಿಹೋಗಿತ್ತು. ಟ್ರಯಲ್ ಅಷ್ಟರಲ್ಲಿ ಮುಗಿದಿತ್ತು. ಪಿಎಸ್‌ಡಿಯನ್ನು ಫೋಟೋಪಿಯಾದಲ್ಲಿ ತೆರೆದು ಕಿವಿಗೆ ಜಾಗ ಮಾಡುತ್ತಾ ಕೂತಿದ್ದೇನೆ.