ಬಾಲ್ ಪೈಥಾನ್ ಮೊಟ್ಟೆಗೆ ಯಾವ ಹಾಸು? ವರ್ಮಿಕ್ಯುಲೈಟ್, ಕೋಕೋಪೀಟ್, ಬರೀ ನೀರು, ಪರ್ಲೈಟ್

ಸಾಕಿದ ಬಾಲ್ ಪೈಥಾನ್ (ಆಫ್ರಿಕಾ ಮೂಲದ ಹೆಬ್ಬಾವು) ಮೊಟ್ಟೆ ಇಡುವುದು ಹೆಚ್ಚಾಗಿ ಫೆಬ್ರವರಿಯಿಂದ ಮೇ ಒಳಗೆ. ಮೈಸೂರಿನಲ್ಲಿ ಗಾಳಿ ಒಣಗಿ, ಆರ್‌ಸಿಸಿ ಮನೆಗಳ ಸೂರು ರಾತ್ರಿಯಾದರೂ ಬಿಸಿ ಬಿಡದ ಕಾಲ ಅದು. ಮೊಟ್ಟೆಯ ಕೆಳಗಿನ ಹಾಸಿನ ತೇವ, ಮೊಟ್ಟೆಯ ಡಬ್ಬಿ ಇಡುವ ಪೆಟ್ಟಿಗೆಯ ಬಿಸಿ, ಎರಡೂ ಕೈತಪ್ಪುವುದು ಇದೇ ತಿಂಗಳುಗಳಲ್ಲಿ. ಇಲ್ಲಿ ಸಿಗುವ ನಾಲ್ಕು ಬಗೆಯ ಹಾಸನ್ನು 31.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ನೋಡಿದ ಮೇಲೆ ಮಾಡಿದ ಹೋಲಿಕೆ ಇದು. ಆ ಬಿಸಿಯಲ್ಲಿ ಮೊಟ್ಟೆ ಒಡೆಯಲು 55ರಿಂದ 60 ದಿನ ಬೇಕು.

ಹಾಸು ಯಾವುದೇ ಇರಲಿ, ಮೊಟ್ಟೆ ಎತ್ತುವಾಗ ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ, ಆ ಮೇಲ್ಭಾಗ ಕೊನೆಯವರೆಗೂ ಮೇಲೇ ಇರಬೇಕು. ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳನ್ನು ಬಿಡಿಸಲು ಹೋಗಬೇಡಿ, ಚಿಪ್ಪು ಹರಿಯುತ್ತದೆ. ಕತ್ತಲೆಯಲ್ಲಿ ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳ ಬಲೆ ಕಾಣಬೇಕು. ಬರೀ ಹಳದಿ ಬೆಳಕು ಕಂಡರೆ ಅದು ಜೊಳ್ಳು ಇರಬಹುದು. ಅನುಮಾನವಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿ.

ವರ್ಮಿಕ್ಯುಲೈಟ್, ಅಂದರೆ ಕಾಯಿಸಿ ಉಬ್ಬಿಸಿದ ಖನಿಜದ ಹರಳು, ಹಳೆಯ, ನಂಬಿಕೆಯ ಹಾಸು. ಸಸಿ ಟ್ರೇ ತುಂಬುವವರ ಹತ್ತಿರ ಸುಲಭವಾಗಿ ಸಿಗುತ್ತದೆ. ಸರಿಯಾಗಿ ಕಲಸಿದರೆ ಎರಡು ತಿಂಗಳೂ ತೇವ ಹಿಡಿದುಕೊಳ್ಳುತ್ತದೆ. ತಪ್ಪಾಗುವುದು ಕಲಸುವಾಗ. ಹರಳಿಗೂ ನೀರಿಗೂ 'ಒಂದಕ್ಕೆ ಒಂದು' ಅನ್ನುವುದು ತೂಕದ ಲೆಕ್ಕ, ಜಗ್ಗಿನ ಲೆಕ್ಕವಲ್ಲ. ಒಂದು ಲೀಟರ್ ಜಗ್ಗಿನ ತುಂಬ ಒಣ ವರ್ಮಿಕ್ಯುಲೈಟ್ ಹಾಕಿದರೂ ತೂಕ ನೂರು ಗ್ರಾಂ ಆಸುಪಾಸು. ಅದಕ್ಕೆ ಒಂದು ಜಗ್ಗು ನೀರು ಸುರಿದರೆ ಬೇಕಾದ್ದಕ್ಕಿಂತ ಹತ್ತು ಪಟ್ಟು ಹೆಚ್ಚಾಯಿತು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 200 ಗ್ರಾಂ ತೂಗಿ, 160ರಿಂದ 200 ಮಿಲಿ ನೀರು ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು. ನೀರು ಹೆಚ್ಚಾದರೆ ಮೊಟ್ಟೆ ಊದಿ, ಅಡಿಭಾಗ ಒದ್ದೆ ಕಾಗದದ ಹಾಗೆ ಪಾರದರ್ಶಕವಾಗುತ್ತದೆ, ಮರಿ ಒಳಗೇ ಸಾಯಬಹುದು. ಪುಡಿ ಮಾಲು ಬೇಡ, ದಪ್ಪ ಹರಳಿನದೇ ತನ್ನಿ.

ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮಂಡ್ಯ ಕಡೆ ಅಗ್ಗ, ಆಸೆ ಹುಟ್ಟಿಸುತ್ತದೆ. ಆದರೂ ಮೊಟ್ಟೆಗೆ ಬೇಡ ಎಂದೇ ಹೇಳುತ್ತೇವೆ. ತೊಳೆಯದ ಮಾಲಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ನೀರು ನಿಂತಿರುತ್ತದೆ, ಬೂಷ್ಟು ಬೇಗ ಹಿಡಿಯುತ್ತದೆ. ಜೀವವಿರುವ ಮೊಟ್ಟೆ ಬೂಷ್ಟನ್ನು ತಡೆಯುತ್ತದೆ ನಿಜ, ಆದರೆ ಪಕ್ಕದ ಜೊಳ್ಳು ಕೊಳೆತರೆ ಸಣ್ಣ ನೊಣಗಳು ಬಂದು ಮೊಟ್ಟೆ ಇಡುತ್ತವೆ.

ಮೂರನೆಯದು ಹಾಸೇ ಇಲ್ಲದ ಕ್ರಮ. ಡಬ್ಬಿಯ ತಳದಲ್ಲಿ ಎರಡು ಬೆರಳು ನೀರು, ಅದರ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಹಾಕುವಂಥ ಚೌಕುಳಿ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಮೊಟ್ಟೆ. ಅಳತೆಯ ತಲೆನೋವಿಲ್ಲ, ತೇವ ಶೇ. 90ಕ್ಕಿಂತ ಕೆಳಗಿಳಿಯುವುದೂ ಕಷ್ಟ. ಆದರೆ ಡಬ್ಬಿ ಅಲುಗಿದರೆ ನೀರು ತುಳುಕಿ ಮೊಟ್ಟೆ ನೆನೆಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಮೊಟ್ಟೆ ಒಡೆಯುವ ದಿನದ್ದು: ಜಾಲರಿಯ ಅಂಚಿಗೂ ಡಬ್ಬಿಯ ಗೋಡೆಗೂ ನಡುವೆ ಬೆರಳು ಹೋಗುವಷ್ಟು ಸಂದಿ ಇದ್ದರೆ ಹೊಸ ಮರಿ ಅದರಲ್ಲಿ ನುಸುಳಿ ನೀರಿಗೆ ಬಿದ್ದು ಸಾಯುತ್ತದೆ.

ಹಾಗಾಗಿ ನಮ್ಮ ಆಯ್ಕೆ ಪರ್ಲೈಟ್ (ಉಬ್ಬಿಸಿದ ಬಿಳಿ, ಹಗುರ ಹರಳು), ಅದರ ಮೇಲೆ ಅದೇ ಜಾಲರಿ. ಪರ್ಲೈಟಿನ ದೂಳು ಶ್ವಾಸಕ್ಕೆ ಕೆಟ್ಟದ್ದು, ಚೀಲ ಬಿಚ್ಚುವ ಮುನ್ನ ಮಾಸ್ಕ್ ಹಾಕಿ, ಮೊದಲು ನೀರು ಚಿಮುಕಿಸಿ. ಎರಡು ಇಂಚು ಪರ್ಲೈಟ್ ಹರಡಿ, ತಳದಲ್ಲಿ ಅರ್ಧ ಇಂಚು ನೀರು ನಿಲ್ಲುವಷ್ಟು ಹಾಕಿ, ಪರ್ಲೈಟಿಗಿಂತ ಒಂದು ಸೆಂಟಿಮೀಟರ್ ಎತ್ತರದಲ್ಲಿ ಜಾಲರಿ ಕೂರಿಸಿ. ಮೊಟ್ಟೆಗೆ ಒದ್ದೆ ತಾಗುವುದಿಲ್ಲ, ನೀರು ತುಳುಕುವುದಿಲ್ಲ, ಮರಿ ಕೆಳಗೆ ನುಸುಳಿದರೂ ಒದ್ದೆ ಹರಳಿನ ಮೇಲೆ ಇರುತ್ತದೆ. ನೀರು ಸ್ವಲ್ಪ ಹೆಚ್ಚುಕಡಿಮೆಯಾದರೂ ಇದು ಕ್ಷಮಿಸುತ್ತದೆ, ವರ್ಮಿಕ್ಯುಲೈಟ್ ಅಷ್ಟು ಕ್ಷಮಿಸುವುದಿಲ್ಲ.

ಮುಚ್ಚಳದ ಒಳಗೆ ಮಂಜು ಕಟ್ಟಿದರೆ ಒಳ್ಳೆಯದೇ. ಹನಿ ಮೊಟ್ಟೆಯ ಮೇಲೆ ಬೀಳುತ್ತಿದ್ದರೆ ಡಬ್ಬಿಯ ಒಂದು ಬದಿಯನ್ನು ಸ್ವಲ್ಪ ಎತ್ತಿಡಿ, ನೀರು ಅಂಚಿಗೆ ಹರಿಯುತ್ತದೆ. ವಾರಕ್ಕೊಮ್ಮೆ ಹತ್ತು ಸೆಕೆಂಡ್ ತೆರೆದರೆ ಸಾಕು. ಕೊನೆಯ ಎರಡು ವಾರ ಮರಿಗೆ ಉಸಿರು ಹೆಚ್ಚು ಬೇಕು, ಆಗ ಎರಡು ದಿನಕ್ಕೊಮ್ಮೆ ತೆರೆಯಿರಿ. ಆ ಹೊತ್ತಿಗೆ ಮೊಟ್ಟೆ ತಗ್ಗು ಬೀಳುವುದು ಸಹಜ. ಮೂರನೇ ವಾರದಲ್ಲೇ ತಗ್ಗು ಬಿದ್ದರೆ ಹಾಸು ಒಣಗಿದೆ ಎಂದರ್ಥ.

ಬಿಸಿಯ ವಿಷಯಕ್ಕೆ ಬಂದರೆ, ಥರ್ಮೋಕೋಲ್ ಪೆಟ್ಟಿಗೆಗೆ ಅಗ್ಗದ ಡಬ್ಲ್ಯು1209 ಥರ್ಮೋಸ್ಟಾಟ್ ಸಾಕು. ಆದರೆ ಅದು ಬರುವಾಗಲೇ ಎರಡು ಡಿಗ್ರಿ ಅಂತರಕ್ಕೆ ಹೊಂದಿಸಿರುತ್ತದೆ. ಬಿಸಿಯೋ ತಂಪೋ ಎಂದು ಆರಿಸುವ ಪಿ0 ಅನ್ನು 'ಎಚ್'ಗೆ (ಬಿಸಿ) ಇಡಿ. ಅಂತರ ಹೊಂದಿಸುವ ಪಿ1 ಅನ್ನು 0.3ಕ್ಕೆ ಬದಲಿಸದಿದ್ದರೆ ಬಿಸಿ ಏರಿಳಿಯುತ್ತಲೇ ಇರುತ್ತದೆ. ಡಬ್ಬಿಯೊಳಗೆ ಬೇರೆಯದೇ ಒಂದು ಥರ್ಮಾಮೀಟರ್ ಇರಲಿ. ಎರಡು ಲೀಟರಿನ ನಾಲ್ಕು ನೀರಿನ ಬಾಟಲಿ ಒಳಗಿಟ್ಟರೆ ಕರೆಂಟ್ ಹೋದಾಗ ಬಿಸಿ ನಿಧಾನ ಇಳಿಯುತ್ತದೆ. ಕೆಲವು ಗಂಟೆ 27ಕ್ಕೆ ಇಳಿದರೆ ಸಾಮಾನ್ಯವಾಗಿ ಮೊಟ್ಟೆ ತಡೆದುಕೊಳ್ಳುತ್ತದೆ. 34 ದಾಟಿದರೆ ಬೆನ್ನೆಲುಬು ಸೊಟ್ಟಗಾಗುವುದು, ಮರಿ ಸಾಯುವುದು ಶುರು. ಹೀಟರಿಗೆ ತಂಪು ಮಾಡಲು ಬರುವುದಿಲ್ಲ, ಆದ್ದರಿಂದ ಏಪ್ರಿಲ್‌ನಲ್ಲಿ ಪೆಟ್ಟಿಗೆ ಮಹಡಿ ಕೋಣೆಯಲ್ಲಿ ಬೇಡವೇ ಬೇಡ, ನೆಲಮಟ್ಟದ ಒಳಕೋಣೆಯಲ್ಲಿಡಿ.

ತಾಯಿಗೇ ಬಿಡಬಹುದಲ್ಲ ಎಂದರೆ, ಬಿಡಬಹುದು. ಸುತ್ತಿಕೊಂಡ ತಾಯಿ ಮೊಟ್ಟೆಯ ತೇವವನ್ನು ಚೆನ್ನಾಗಿಯೇ ಕಾಯುತ್ತದೆ. ಆದರೆ ನಮ್ಮ ನಾಡಿನ ಹೆಬ್ಬಾವಿನಂತೆ ಮೈ ನಡುಗಿಸಿ ಬಿಸಿ ಹುಟ್ಟಿಸುವುದು ಬಾಲ್ ಪೈಥಾನಿಗೆ ಬರುವುದಿಲ್ಲ, ಬಿಸಿ ನೀವೇ ಕೊಡಬೇಕು. ಎರಡು ತಿಂಗಳು ಅದು ಉಪವಾಸ ಬೇರೆ. ಮೊಟ್ಟೆ ತೆಗೆದರೆ ತಾಯಿಯ ಮೈಯನ್ನೂ ಅದಿರುವ ಡಬ್ಬಿಯನ್ನೂ ತೊಳೆದು ವಾಸನೆ ಹೋಗಿಸಿ, ಬೇಗ ತಿನ್ನಲು ತೊಡಗುತ್ತದೆ.

ನಮ್ಮ ಹೆಬ್ಬಾವಿನ ಮಾತು ಬೇರೆಯೇ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಮದ್ದೂರು, ಮಳವಳ್ಳಿಯ ಕಬ್ಬಿನ ಗದ್ದೆಯಲ್ಲಿ ಅದರ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಬಾಲ್ ಪೈಥಾನನ್ನೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದ್ದನ್ನೂ ದಾಖಲಿಸಬೇಕು.

ಮರಿ ಚಿಪ್ಪು ಸೀಳಿ ಮೂತಿ ಹೊರಹಾಕಿದ ಮೇಲೆ ಒಂದೆರಡು ದಿನ ಹಾಗೇ ಕೂರುತ್ತದೆ, ಉಳಿದ ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ. ಎಳೆದು ತೆಗೆಯಬೇಡಿ. ತಾನೇ ಹೊರಬಂದ ಮರಿಯನ್ನು ಒದ್ದೆ ಟಿಶ್ಯೂ ಹಾಸಿದ ಡಬ್ಬಿಗೆ ಹಾಕಿ. ಹೊಕ್ಕುಳು ಇನ್ನೂ ಹಸಿ ಇರುತ್ತದೆ, ವರ್ಮಿಕ್ಯುಲೈಟ್ ಹರಳು ಅಂಟಿಕೊಳ್ಳುವುದು ಅಲ್ಲಿಯೇ. ಜಾಲರಿಯ ಮೇಲೆ ಒಡೆದ ಮೊಟ್ಟೆಯಲ್ಲಿ ಆ ತೊಂದರೆ ಕಡಿಮೆ. ಏಳರಿಂದ ಹತ್ತು ದಿನದಲ್ಲಿ ಮೊದಲ ಪೊರೆ ಬಿಡುತ್ತದೆ, ಮೊದಲ ಇಲಿಮರಿ ಅದಾದ ಮೇಲೆ.